ಡೋಣಿ ಕ್ಯಾಸೆಟ್ ಪರಮಾನಂದ

ಸಿಂದಗಿ ಬಸ್‌ಸ್ಟ್ಯಾಂಡಿನ ಎದುರು, ಎಣ್ಣೆ ಅಂಗಡಿಗೂ ಸೈಕಲ್ ಅಂಗಡಿಗೂ ನಡುವೆ ಪರಮಾನಂದನ ರೇಡಿಯೋ ರಿಪೇರಿ ಅಂಗಡಿ ಇತ್ತು. ಅಂಗಡಿ ಎಂದರೆ, ಒಬ್ಬ ಮನುಷ್ಯ ಕೂತು ಕಾಲು ಚಾಚಿದರೆ ಪಾದ ರಸ್ತೆಗೆ ಬರುವಷ್ಟು ಜಾಗ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕನ್ನೊಳ್ಳಿಯವನಾದ ಪರಮಾನಂದ ಸೊಲ್ಲಾಪುರದಲ್ಲಿ ಕೆಲಸ ಕಲಿತು ಬಂದು, ಮದುವೆಯಾಗಿ, ಹೆಂಡತಿ ಸುವರ್ಣಾಳ ಜೊತೆ ಪೇಟೆಯಲ್ಲೇ ನೆಲೆಯೂರಿದ್ದ. ಅಳಿಯನಿಗೆ ವಾಚು, ಸೈಕಲ್ಲಿನ ಜೊತೆಗೆ ಟೇಪ್‌ರೆಕಾರ್ಡರನ್ನೂ ಕೊಡುತ್ತಿದ್ದ ಕಾಲ ಅದು. ಕೊಟ್ಟಷ್ಟೇ ಬೇಗ ಅವು ಕೆಡುತ್ತಿದ್ದವು. ಹೀಗಾಗಿ ಅವನ ಕೈಗೆ ಬಿಡುವಿರಲಿಲ್ಲ.

ಒಂದು ಮಧ್ಯಾಹ್ನ ಅವನ ಊರಿನ ಮಲ್ಲಣ್ಣ ಕಾಕಾ ಅಂಗಡಿಯ ಮುಂದೆ ಬಂದು ನಿಂತ. ಒಣಬೇಸಾಯದ ಮನುಷ್ಯ, ಮಾತು ಕಡಿಮೆ. ತಲೆಯ ಪಟಕಾ ಸರಿಮಾಡಿಕೊಳ್ಳುತ್ತ ಕೇಳಿದ:

"ಪರಮಾ, ಮಾತು ತುಂಬೂ ಡಬ್ಬಿ ಐತಂತಲ್ಲ ನಿನ್ನ ಹಂತ್ಯಾಕ?"

"ಐತ್ರಿ ಕಾಕಾ. ಯಾಕ್ರಿ?"

"ನಿಮ್ಮ ಚಿಗವ್ವ ಹಟ ಹಿಡದಾಳ. ಅದನ್ನ ತಗೊಂಡು ಒಮ್ಮಿ ಮನಿಗೆ ಬಾ."

ಚಿಗವ್ವ ಅಂದರೆ ಮಲ್ಲಣ್ಣನ ಹೆಂಡತಿ ಗುಂಡವ್ವ. ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕಿ ಇಳಿಯುವಾಗ ನಿಚ್ಚಣಿಕೆ ಜಾರಿ ಕಾಲು ಮುರಿದುಕೊಂಡಿದ್ದಳು. ಅವರ ಒಬ್ಬಳೇ ಮಗಳು ವಿಜಯಶ್ರೀಯನ್ನು ಮುದ್ದೇಬಿಹಾಳದ ಆಚೆ, ಕೃಷ್ಣೆಯ ದಂಡೆಯ ತಂಗಡಗಿಗೆ ಕೊಟ್ಟಿದ್ದರು. ಮಗಳು ಏಳು ತಿಂಗಳ ಬಸುರಿ. ಅತ್ತೆಯ ಮನೆಯಲ್ಲಿ ಕುಬಸದ ಕಾರ್ಯ, ಅಂದರೆ ಸೀಮಂತ. ಸೀರೆ, ಬಳೆ, ಬುತ್ತಿ ತೆಗೆದುಕೊಂಡು ಮಲ್ಲಣ್ಣ ಹೋಗಬಹುದಿತ್ತು. ತಾಯಿ ಹೋಗುವ ಹಾಗಿರಲಿಲ್ಲ.

ಪರಮಾನಂದ ಟೇಪನ್ನು ಸೈಕಲ್ಲಿಗೆ ಕಟ್ಟಿಕೊಂಡು ಕನ್ನೊಳ್ಳಿಗೆ ಹೋದ. ಗುಂಡವ್ವ ಪಡಸಾಲೆಯಲ್ಲಿ ಪ್ಲಾಸ್ಟರಿನ ಕಾಲು ಚಾಚಿ ಕೂತಿದ್ದಳು. ಅವನು ಮಷಿನ್ ಮುಂದಿಟ್ಟು ಗುಂಡಿ ಒತ್ತಿದ.

"ಮಾತಾಡ್ರಿ ಚಿಗವ್ವ, ತಿರಗಾಕತ್ತೈತಿ."

ಗುಂಡವ್ವ ಅದನ್ನು ನೋಡಿದಳು. ಬಾಯಿ ತೆರೆದಳು, ಮುಚ್ಚಿದಳು. "ಇದರ ಮುಂದ ಏನಂತ ಮಾತಾಡ್ಲೋ ತಮ್ಮಾ? ಇದಕ್ಕ ಕಣ್ಣಿಲ್ಲ, ಮಾರೀನ ಇಲ್ಲ."

ಪರಮಾನಂದ ನಗುತ್ತ ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತ. ಟೇಪು ತನ್ನ ಪಾಡಿಗೆ ತಿರುಗುತ್ತಿತ್ತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಮೊರದಲ್ಲಿ ಜೋಳ ಹಸನು ಮಾಡುವ ಸಪ್ಪಳ, ಅದರ ಮೇಲೆ ತೆಳ್ಳಗೆ ಒಂದು ದನಿ ಎದ್ದಿತು:

ಹೊಳಿಯ ದಂಡಿಗಿ ಕೊಟ್ಟ ಹೊನ್ನಂಥ ನನ ಮಗಳ
ಬಳಿಯಾಗ ನಾನು ಇರಲಿಲ್ಲ, ನನ ದನಿಯ
ಬಳಿ ಮಾಡಿ ಕೈಗೆ ತೊಡು ತಾಯಿ

ಪರಮಾನಂದ ಕೂತಲ್ಲೇ ತಲೆ ತಗ್ಗಿಸಿದ. ಸಣ್ಣವನಿದ್ದಾಗ ಬೆಳಗಿನ ಜಾವ ಓಣಿಯ ಮನೆಮನೆಯಿಂದ ಕೇಳುತ್ತಿದ್ದ ಬೀಸುವ ಹಾಡುಗಳು ಅವು. ಹಿಟ್ಟಿನ ಗಿರಣಿ ಬಂದ ಮೇಲೆ ಅವು ನಿಂತುಹೋಗಿದ್ದನ್ನು ಅವನು ಗಮನಿಸಿಯೇ ಇರಲಿಲ್ಲ.

ತಂಗಡಗಿಯಲ್ಲಿ ನಡೆದದ್ದನ್ನು ಮಲ್ಲಣ್ಣನೇ ಬಂದು ಹೇಳಿದ. ಸಾಲಿ ಮಾಸ್ತರರ ಟೇಪು ತಂದು ಕ್ಯಾಸೆಟ್ ಹಚ್ಚಿದಾಗ ವಿಜಯಶ್ರೀಯ ಕೈ ಬಳೆಗಾರನ ಕೈಯಲ್ಲಿತ್ತಂತೆ. ಹಾಡು ಕೇಳುತ್ತಲೇ ಹುಡುಗಿ ಗಳಗಳ ಅತ್ತಳಂತೆ, ಬಳೆಗಾರ ಬಳೆ ಏರಿಸುವುದನ್ನೇ ಮರೆತನಂತೆ. ವಿಜಯಶ್ರೀಯ ಅತ್ತೆ ಹೊನ್ನವ್ವ ಬಿಗಿ ಹೆಂಗಸು, ಬೀಗರ ಮುಂದೆ ನಕ್ಕವಳಲ್ಲ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ಇನ್ನೊಮ್ಮಿ ಹಚ್ರಿ" ಅಂದಳಂತೆ.

ಕೆಲವೇ ದಿನಗಳಲ್ಲಿ ಹೊನ್ನವ್ವನೇ ಸಿಂದಗಿಯ ಅಂಗಡಿ ಹುಡುಕಿಕೊಂಡು ಬಂದಳು. "ನಮ್ಮ ಓಣ್ಯಾಗ ಎಲ್ಲಾರಿಗೂ ಬೇಕಂತಪಾ, ನಮ್ಮ ಬೀಗತಿ ಹಾಡು. ಅದರಂಥಾದ್ದ ಮತ್ತ ಮಾಡಾಕ ಬರ್ತೈತೇನು?"

ಬರುತ್ತಿತ್ತು. ಎರಡು ಟೇಪು ಎದುರುಬದುರು ಇಟ್ಟು ಪರಮಾನಂದ ಪ್ರತಿ ತೆಗೆದುಕೊಟ್ಟ. ಅವತ್ತೇ ಅವನ ತಲೆಯಲ್ಲಿ ಹುಳ ಹೊಕ್ಕಿತು. ಸಿನೆಮಾ ಹಾಡುಗಳು ಮುಂಬೈಯಿಂದ ಬರುತ್ತವೆ, ನಾಟಕದ ಕ್ಯಾಸೆಟ್ಟುಗಳು ಹುಬ್ಬಳ್ಳಿಯಿಂದ ಬರುತ್ತವೆ. ನಮ್ಮ ಸೀಮೆಯದು ಎಲ್ಲಿಂದ ಬರಬೇಕು?

ಆದರೆ ಮಲ್ಲಣ್ಣ ಒಪ್ಪಲಿಲ್ಲ. "ಮನ್ಯಾಗ ಹಾಡಿದ್ರ ಚೆಂದ. ಪ್ಯಾಟ್ಯಾಗ ಮಾರಾಕ ಇಟ್ರ ಮಂದಿ ಏನಂತಾರ?"

ಗುಂಡವ್ವ ಗಂಡನಿಗೆ ಎದುರು ಮಾತಾಡಿದವಳಲ್ಲ. ಅವತ್ತು ಆಡಿದಳು. "ಮಂದಿ ಅನ್ನೂದು ಅಂತಾರ. ನನ್ನ ಕಾಲು ಮುರದಾಗ ನನ್ನ ದನಿ ನಡಕೊಂತ ತಂಗಡಗಿಗೆ ಹೋತು. ಕಾಲು ನೆಟ್ಟಗ ಇದ್ದಾಗ ನಾ ಎಲ್ಲಿಗೆ ಹೋಗಿದ್ದೆ, ನೀವ ಹೇಳ್ರಿ?"

ಮಲ್ಲಣ್ಣ ಪಟಕಾ ಬಿಚ್ಚಿ ಮತ್ತೆ ಸುತ್ತಿಕೊಂಡು, "ಹಂಗಾದ್ರ ಹಾಡು" ಅಂದ.

ಕ್ಯಾಸೆಟ್ ಕಂಪನಿಗೆ ಹೆಸರಿಟ್ಟವಳು ಸುವರ್ಣಾ. "ನಮ್ಮ ಹೊಳಿ ಹೆಸರ ಇಡ್ರಿ. ಡೋಣಿ ಹರಿದ್ರ ಓಣೆಲ್ಲ ಜೋಳ ಅಂತಾರಲ್ರಿ, ಡೋಣಿ ಅಂತ ಇಡ್ರಿ." ಪರಿಚಯದ ಸಾಹುಕಾರರೊಬ್ಬರು ಖಾಲಿ ಬಿದ್ದಿದ್ದ ಅರಳೆಯ ಗೋದಾಮು ಬಿಟ್ಟುಕೊಟ್ಟರು. ರಸ್ತೆಯ ಗದ್ದಲ ಒಳಗೆ ಬರಬಾರದೆಂದು ಸುವರ್ಣಾ ತವರಿನಿಂದ ತಂದ ಕೌದಿಗಳನ್ನೆಲ್ಲ ಗೋಡೆಗೆ ತೂಗುಹಾಕಿದಳು. ಹಳದಿ, ಕೆಂಪು, ನೀಲಿ ಚೌಕಗಳ ನಡುವೆ ಕೂತ ಗುಂಡವ್ವನಿಗೆ ದನಿಯೇ ಹೊರಡಲಿಲ್ಲ. ಕೈ ಖಾಲಿ ಇಟ್ಟುಕೊಂಡು ಅವಳು ಯಾವತ್ತೂ ಹಾಡಿರಲಿಲ್ಲ. ಕೊನೆಗೆ ಕನ್ನೊಳ್ಳಿಯಿಂದ ಬೀಸುಕಲ್ಲು ಹೇರಿಕೊಂಡು ಬರಬೇಕಾಯಿತು. ಕಲ್ಲಿನ ಗುರುಗುರು ಟೇಪಿನಲ್ಲಿ ಬರುತ್ತಿದೆಯೆಂದು ಪರಮಾನಂದ ಕೈಸನ್ನೆಯಿಂದ ನಿಲ್ಲಿಸಲು ಹೇಳಿದ. ಕಲ್ಲು ನಿಂತಿತು, ಹಾಡೂ ನಿಂತಿತು. "ಇರ್ಲಿ ಬಿಡ್ರಿ ಚಿಗವ್ವ, ಬೀಸ್ರಿ" ಅಂದ. ಮುಂದೆ ಮಂದಿ ಆ ಕ್ಯಾಸೆಟ್ಟನ್ನು ಗುರುತು ಹಿಡಿಯುತ್ತಿದ್ದದ್ದು ಆ ಗುರುಗುರುವಿನಿಂದಲೇ.

ಮೊದಮೊದಲು ಅಂಗಡಿಯವರು ಯಾರೂ ಇಟ್ಟುಕೊಳ್ಳಲಿಲ್ಲ. ಸಿಂದಗಿಯಿಂದ ಇಂಡಿಗೆ ಟೆಂಪೋ ಓಡಿಸುತ್ತಿದ್ದ ಫಕೀರಸಾಬ ಮಾತ್ರ, ತನ್ನ ಟೇಪು ರಿಪೇರಿ ಮಾಡಿಕೊಟ್ಟ ದೋಸ್ತಿಗೆಂದು ಒಂದನ್ನು ಒಯ್ದ. ಸಂಜೆ ಓಡುತ್ತ ಬಂದ.

"ಅರೇ ಪರಮಣ್ಣ, ನನ್ನ ಟೆಂಪೋದಾಗ ಇವತ್ತೇನಾತು ಗೊತ್ತೈತೇನು? ಇಂಡಿ ಬಂದ್ರೂ ಹೆಣ್ಮಕ್ಕಳು ಇಳೀವಲ್ರು! ಹಾಡು ಮುಗೀಲಿ ತಡಿ ಅಂತಾರ. ಇನ್ನೊಂದು ನಾಕು ಕೊಡು, ನಮ್ಮ ಡ್ರೈವರ್ ಮಂದಿಗೆಲ್ಲ ಹಂಚ್ತೇನಿ."

ಹಾಗೆ ಶುರುವಾಯಿತು. ಟೆಂಪೋ, ಟ್ರ್ಯಾಕ್ಸು, ಕಬ್ಬಿನ ಲಾರಿ, ಎಲ್ಲದರಲ್ಲೂ ಗುಂಡವ್ವ ಬೀಸುತ್ತ ಹಾಡುತ್ತ ತಿರುಗಿದಳು. ಬಾಗೇವಾಡಿಯ ಪಾತ್ರೆ-ಬಾಂಡೆ ಅಂಗಡಿಯವರು ಕ್ಯಾಸೆಟ್ ಬೇಕೆಂದು ಹೇಳಿಕಳಿಸಿದರು. ಮುದ್ದೇಬಿಹಾಳದ ಬಳೆ ಅಂಗಡಿಯಲ್ಲಿ ಡಬ್ಬಿಗಟ್ಟಲೆ ಹೋದವು. ಸೋಬಾನೆ, ತೊಟ್ಟಿಲು, ಕುಬಸ ಅಂತ ಒಂದೊಂದಾಗಿ ಬಂದವು. ಬಾಗೇವಾಡಿಯ ಕಡೆಯ ಭಜನಾ ಮೇಳ, ಇಂಡಿಯ ಗೀಗೀ ಪದದ ಮಂದಿ ತಾವೇ ಗೋದಾಮಿಗೆ ಬಂದರು. ಪ್ರತಿ ತೆಗೆಯುವ ದೊಡ್ಡ ಮಷಿನ್ ಬಂತು. ಸುವರ್ಣಾ ಓಣಿಯ ಹೆಂಗಸರನ್ನು ಸುತ್ತ ಕೂರಿಸಿಕೊಂಡು ಕ್ಯಾಸೆಟ್ಟಿನ ಹಸಿರು ಕವರು ಮಡಚುತ್ತಿದ್ದಳು. ಆ ವರ್ಷಗಳನ್ನು ನೆನೆದರೆ ಪರಮಾನಂದನಿಗೆ ಈಗಲೂ ಮೊದಲು ಮೂಗಿಗೆ ಬರುವುದು ಹೊಸ ಕ್ಯಾಸೆಟ್ಟಿನ ಪ್ಲಾಸ್ಟಿಕ್ ವಾಸನೆ, ಅದರ ಬೆನ್ನಿಗೇ ಸುವರ್ಣಾ ಕುದಿಸುತ್ತಿದ್ದ ಶುಂಠಿ ಚಹಾದ ವಾಸನೆ.

ಇಷ್ಟರಲ್ಲಿ ಸಾಲೋಟಗಿಯ ನೆಂಟರ ಮದುವೆಗೆ ಗುಂಡವ್ವ ಹೋದಳು. ತಿರುಗಿ ಬರುವಾಗ ಊರಿಗೆ ಹೋಗದೆ ನೇರ ಸಿಂದಗಿಯಲ್ಲಿ ಇಳಿದು ಅಂಗಡಿಗೆ ಬಂದಳು. ಮುಖ ಕಪ್ಪಿಟ್ಟಿತ್ತು.

"ಪರಮಾ, ಇದನ್ನ ನಿಂದರಸು."

"ಯಾಕ್ರಿ ಚಿಗವ್ವ, ಏನಾತು?"

"ಮದಿಮಕ್ಕಳಿಗೆ ಸುರಗಿ ಸುತ್ತಿ ಎಣ್ಣಿ ಹಚ್ಚೂ ಹೊತ್ತಿನಾಗ ಮೈಕಿನಾಗ ನನ್ನ ಕ್ಯಾಸೆಟ್ ಹಚ್ಚಿದ್ರು. ಹಾಡಾಕ ಬರೂ ಮುದುಕೇರು ಎಲ್ಲಾರೂ ಬಾಯಿ ಮುಚಗೊಂಡು ಸುಮ್ನ ಕುಂತಿದ್ರು. ಹಾಡ್ರಬೇ ಅಂದ್ರ, ಮೈಕ್ ಹಾಡಾಕತ್ತೈತಲ್ಲ, ನಮ್ಮದೇನು ಕೇಳ್ತಿ ಅಂದ್ರು. ನನ್ನ ದನಿ ಅವರ ಬಾಯಿ ಕಟ್ಟಿಬಿಡ್ತಲ್ಲೋ."

ಪರಮಾನಂದನ ವ್ಯಾಪಾರ ಕುದುರಿದ ಹೊತ್ತು. ನಿಲ್ಲಿಸುವುದು ಹೇಗೆ? ಚಹಾ ತಂದಿಟ್ಟ ಸುವರ್ಣಾಳೇ ಕೇಳಿದಳು: "ಅತ್ತಿ, ನಿಮ್ಮೂರಾಗ ನೀವು ಹಾಡೂ ಮುಂದ ಉಳದವ್ರು ಏನು ಮಾಡ್ತಿದ್ರು?"

"ನಾ ಒಂದು ನುಡಿ ಅಂದ್ರ ಅವರು ಒಂದು ನುಡಿ ಎತ್ತತಿದ್ರು."

"ಹಂಗ ಹಾಡ್ರಿ ಮತ್ತ. ನಿಮ್ಮದು ಅಷ್ಟ ಹಾಡ್ರಿ. ಅವರದು ಅವರಿಗೆ ಬಿಡ್ರಿ."

ಆ ಕ್ಯಾಸೆಟ್ಟು ಹಾಗೆ ತಯಾರಾಯಿತು. ಗುಂಡವ್ವ ಒಂದು ನುಡಿ ಹಾಡಿ ಸುಮ್ಮನಾಗುವಳು. ಇನ್ನೊಂದು ನುಡಿ ಹಿಡಿಸುವಷ್ಟು ಹೊತ್ತು ಬರೀ ಬೀಸುಕಲ್ಲು ತಿರುಗುವುದು. ಮತ್ತೆ ಅವಳ ದನಿ. ಅಂಗಡಿಗಳಿಗೆ ಹೋದ ಮಾಲು ಗೋಣಿಚೀಲದಲ್ಲಿ ವಾಪಸು ಬಂತು. "ಹಾಡು ನಡುನಡುವ ಹಾರತಾವು, ಕ್ಯಾಸೆಟ್ ಕೆಟ್ಟಾವು" ಎಂದು ದೂರು. ಬಾಗೇವಾಡಿಯ ಅಂಗಡಿಯವರಂತೂ ಫಕೀರಸಾಬನ ಮುಂದೆ ಬೈದು ಕಳಿಸಿದರು. ಪರಮಾನಂದ ಆ ಚೀಲಗಳ ಮೇಲೆ ಕೂತು, ತಾನು ಕೆಟ್ಟೆ ಅಂದುಕೊಂಡ.

ಆಗ ತಂಗಡಗಿಯಿಂದ ಹೊನ್ನವ್ವ ಅಂಗಡಿಗೆ ಎಸ್‌ಟಿಡಿ ಬೂತಿನಿಂದ ಫೋನು ಮಾಡಿಸಿದಳು. ಅವರ ಓಣಿಯಲ್ಲಿ ಒಂದು ಮಗುವಿನ ತೊಟ್ಟಿಲ ಕಾರ್ಯ. ಈ ಕ್ಯಾಸೆಟ್ ಹಚ್ಚಿದ್ದರು. ಗುಂಡವ್ವನ ದನಿ ನಿಂತಾಗ ಮೂಲೆಯಲ್ಲಿ ಕೂತ ಒಬ್ಬಳು ಮುದುಕಿ, "ಯಾಕ ನಿಂತಿತು ಇದು" ಎಂದು ಸಿಟ್ಟಾಗಿ ಮುಂದಿನ ನುಡಿ ತಾನೇ ಹಾಡಿಬಿಟ್ಟಳು. ಮುಗಿಸುವುದಕ್ಕೂ ಟೇಪಿನಲ್ಲಿ ಗುಂಡವ್ವ ಏಳುವುದಕ್ಕೂ ಸರಿಹೋಯಿತು. "ನಮ್ಮ ಬೀಗತಿ ನಮ್ಮ ಜೋಡಿ ಕುಂತು ಹಾಡಿದಂಗಾತು ನೋಡಪಾ. ಆಮ್ಯಾಲೆ ಎಲ್ಲಾರೂ ಹಾಡಿದ್ರು. ಕೆಟ್ಟಾವು ಅಂತ ತಿರುಗಿ ಕಳಿಸಿದ್ದನ್ನೆಲ್ಲ ನಮ್ಮ ಕಡಿಗೆ ಹಾಕು."

ಚೀಲಗಳು ಸಿಂದಗಿಯಿಂದ ಮುದ್ದೇಬಿಹಾಳಕ್ಕೆ ಹೋದವು. ಮುಂದಿನ ಮದುವೆ ಸುಗ್ಗಿಗೆ ಬಾಗೇವಾಡಿಯವರೇ ನಗುತ್ತ ಬಂದು ಕೇಳಿದರು. ಡೋಣಿಯ ಕ್ಯಾಸೆಟ್ಟುಗಳಲ್ಲಿ ಅದರಷ್ಟು ಓಡಿದ್ದು ಮತ್ತೊಂದಿಲ್ಲ.

ಎರಡು ಸಾವಿರ ಇಸವಿ ದಾಟಿದ ಮೇಲೆ ದಿನಮಾನ ಬದಲಾಯಿತು. ಮೊದಲು ಸೀಡಿ ಬಂದವು. ಸಂತೆಯಲ್ಲಿ ಗೋಣಿತಟ್ಟಿನ ಮೇಲೆ ನೂರಾರು ಹಾಡಿನ ಒಂದೊಂದು ಸೀಡಿ. ಡೋಣಿಯ ಹಾಡುಗಳೂ ಅದರಲ್ಲಿದ್ದವು, ಡೋಣಿಯ ಹೆಸರಿರಲಿಲ್ಲ. ಅದರ ಬೆನ್ನಿಗೆ ಮೊಬೈಲು ಬಂತು. ಪರಮಾನಂದ ಸಾಲಾಗಿ ಜೋಡಿಸಿದ್ದ ಹಸಿರು ಕವರುಗಳು ಬಿಸಿಲಿಗೆ ಬಿಳಚಿಕೊಂಡವು. ದೊಡ್ಡ ಮಷಿನ್ ಗುಜರಿಗೆ ಹೋದ ದಿನ ಸುವರ್ಣಾ ಗೋದಾಮಿನ ಕೌದಿಗಳನ್ನು ಇಳಿಸಿ, ಒಗೆದು, ಮಾಳಿಗೆಯ ಮೇಲೆ ಒಣಹಾಕಿದಳು. ಅರಳೆಯ ಎಳೆಗಳು ಅವುಗಳಿಂದ ಪೂರ್ತಿ ಬಿಡಲೇ ಇಲ್ಲ.

ಗುಂಡವ್ವನಿಗೆ ಹೇಗೆ ಹೇಳುವುದೆಂದು ಬಹಳ ದಿನ ತಳಮಳಿಸಿ, ಕೊನೆಗೆ ಒಂದು ಸಂಜೆ ಪರಮಾನಂದ ಕನ್ನೊಳ್ಳಿಗೆ ಹೋದ. ಅವಳು ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದಳು. ಕೂದಲು ಪೂರಾ ಬೆಳ್ಳಗಾಗಿತ್ತು. ಪಕ್ಕದಲ್ಲಿ ಮಲ್ಲಣ್ಣ ಹಗ್ಗ ಹೊಸೆಯುತ್ತಿದ್ದ.

"ಕಂಪನಿ ಮುಚ್ಚಿದೆ ಚಿಗವ್ವ."

"ಗೊತ್ತಾತು. ಫಕೀರಸಾಬ ಹೇಳಿದ." ಅವಳ ಕೈ ನಿಲ್ಲಲಿಲ್ಲ. "ಇನ್ನ ಮುಂದ ಏನ್ ಮಾಡ್ತಿ?"

"ಮೊಬೈಲ್ ರಿಪೇರಿ ಕಲೀಬೇಕಂತ ಮಾಡೇನಿ."

ಗುಂಡವ್ವ ಜೋರಾಗಿ ನಕ್ಕಳು. "ರೇಡಿಯೋ ಆತು, ಟೇಪ್ ಆತು, ಈಗ ಮೊಬೈಲು. ಕೆಡೂ ಸಾಮಾನು ಇರೂತನಾ ನಿನಗ ರೊಟ್ಟಿ ತಪ್ಪಂಗಿಲ್ಲ ಬಿಡು."

ಮಲ್ಲಣ್ಣ ಹಗ್ಗ ಬದಿಗಿಟ್ಟು ಒಳಗೆ ಹೋಗಿ, ಕ್ಯಾಸೆಟ್ಟಿಲ್ಲದ ಒಂದು ಹಸಿರು ಕವರು ತಂದು ತೋರಿಸಿದ. ಅದರ ಮೇಲೆ ಹೆಂಡತಿಯ ಹೆಸರಿತ್ತು. "ಪ್ಯಾಟ್ಯಾಗ ಎಲ್ಲೆರೆ ಇದ್ರ ಇದರೊಳಗಿಂದು ಒಂದು ಹುಡುಕಿ ಕೊಡು ಪರಮಾ. ನನ್ನದು ಕೇಳಿಕೇಳಿ ಹರದೈತಿ."

ಪರಮಾನಂದ ಆ ಕವರನ್ನು ಕಿಸೆಯಲ್ಲಿಟ್ಟುಕೊಂಡ. ಕೊಡ್ತೇನ್ರಿ ಕಾಕಾ ಎಂದಷ್ಟೇ ಹೇಳಿ ಎದ್ದ. "ಉಂಡು ಹೋಗು, ಹೊತ್ತಾತು" ಎಂದು ಗುಂಡವ್ವ ಗದರಿಸಿ ಕೂರಿಸಿದಳು. ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಕೆಂಪು ಚಟ್ನಿ, ಮೊಸರು. ಅವನು ತಲೆ ಎತ್ತದೆ ಉಂಡ. ಸಿಂದಗಿಗೆ ಹೋಗುವ ಕಡೇ ಬಸ್ಸು ಬಂದು ಹೋದದ್ದು ಮೂವರಿಗೂ ಕೇಳಿಸಿತು. ಯಾರೂ ಏಳಲಿಲ್ಲ.