ನನ್ನ ಮಗಳಿಗೆ ನಡಿಗೆ ಕಲಿಸಿದವರು

ಮಗಳ ಕಾಲಿನಲ್ಲಿ ಏನೋ ಹೆಚ್ಚುಕಮ್ಮಿ ಇದೆ ಎಂದು ಮೊದಲು ಗೊತ್ತಾದದ್ದು ನನಗಲ್ಲ, ನಮ್ಮತ್ತೆಗೆ. ಆದರೆ ಅದನ್ನು ಅವರು ಬಾಯಿಬಿಟ್ಟು ಹೇಳಿದ್ದು ಎಷ್ಟೋ ತಿಂಗಳಾದ ಮೇಲೆ.

ನಾವಿರುವುದು ಜಾವಗಲ್ಲಿನಲ್ಲಿ. ನಮ್ಮ ಯಜಮಾನರದು ಒಂದು ಗೂಡ್ಸ್ ಆಟೊ. ಸುತ್ತಲ ತೋಟಗಳ ಕೊಬ್ಬರಿ ಚೀಲಗಳನ್ನು ಅರಸೀಕೆರೆಯ ಮಾರುಕಟ್ಟೆಗೆ ಸಾಗಿಸುತ್ತಾರೆ. ನಾನು ಮನೆಯಲ್ಲೇ ರವಿಕೆ ಹೊಲಿಯುತ್ತೇನೆ. ಅತ್ತೆಯದು ಊರಿಗೆಲ್ಲ ಗೊತ್ತಿರುವ ಕೆಲಸ: ಯಾರ ಮನೆಯಲ್ಲಿ ಹೆರಿಗೆಯಾದರೂ ಕೂಸಿಗೆ ಎಣ್ಣೆ ಹಚ್ಚಿ ನೀರೆರೆಯಲು ಅವರನ್ನೇ ಕರೆಯುತ್ತಾರೆ. ಬಚ್ಚಲಲ್ಲಿ ಮಣೆ ಹಾಕಿಕೊಂಡು ಎರಡೂ ಕಾಲು ಚಾಚಿ ಕೂತು, ಮೊಣಕಾಲ ಮೇಲೆ ಕೂಸನ್ನು ಬೋರಲು ಮಲಗಿಸಿಕೊಂಡರೆಂದರೆ, ಎಂಥ ಅಳುವ ಕೂಸೂ ಎರಡು ತಂಬಿಗೆ ನೀರು ಬೀಳುವಷ್ಟರಲ್ಲಿ ಸುಮ್ಮನಾಗುತ್ತಿತ್ತು. ಈಗ ಪಿಯುಸಿ ಓದುತ್ತಿರುವ ಮೀಸೆ ಚಿಗುರಿದ ಹುಡುಗರನ್ನು ರಸ್ತೆಯಲ್ಲಿ ನಿಲ್ಲಿಸಿ, "ನಿನಗೆ ನೀರು ಹಾಕಿದ್ದು ನಾನೇ ಕಣ್ಲಾ" ಎನ್ನುವುದು ಅವರಿಗೊಂದು ಖುಷಿ.

ನನ್ನ ಮಗಳು ಎಂಟು ತಿಂಗಳಿಗೇ ಹುಟ್ಟಿದಳು. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಕೆಲವು ವಾರ ಇದ್ದು ಮನೆಗೆ ಬಂದಳು. ಹಾಲು ಕುಡಿದಳು, ನಕ್ಕಳು, ಸದ್ದು ಬಂದ ಕಡೆ ತಿರುಗಿದಳು. ನಮಗೆ ಅಷ್ಟೇ ಸಾಕಾಗಿತ್ತು. ಆದರೆ ಹತ್ತು ತಿಂಗಳಾದರೂ ಕೂರಿಸಿದರೆ ಪಕ್ಕಕ್ಕೆ ಉರುಳುತ್ತಿದ್ದಳು. ಎತ್ತಿ ನಿಲ್ಲಿಸಲು ಹೋದರೆ ಎರಡು ಕಾಲೂ ಕತ್ತರಿಯ ಹಾಗೆ ಒಂದರ ಮೇಲೊಂದು ಬಂದು, ತುದಿಬೆರಳು ಮಾತ್ರ ನೆಲಕ್ಕೆ ತಾಗುತ್ತಿತ್ತು.

ಅಂಗನವಾಡಿಯಲ್ಲಿ ತೂಕ ನೋಡುವ ದಿನ ಟೀಚರು ಮಗುವನ್ನು ತಮ್ಮ ತೊಡೆಯ ಮೇಲೆ ಕೂರಿಸಿಕೊಂಡು ಬಹಳ ಹೊತ್ತು ನೋಡಿದರು. "ತೂಕ ಚೆನ್ನಾಗೈತೆ ಕಣ್ರೀ. ಆದ್ರೆ ಕಾಲು ಬಿಗಿ ಇರೋ ಹಂಗೈತೆ. ಒಂದ್ಸಲ ಮಕ್ಕಳ ಡಾಕ್ಟ್ರಿಗೆ ತೋರಿಸ್ಬಿಡಿ" ಎಂದರು.

ಮನೆಗೆ ಬಂದು ಹೇಳಿದೆ. ಅತ್ತೆ ಸಿಡಿದುಬಿದ್ದರು. "ನಿನ್ ಗಂಡ ಹೆಜ್ಜೆ ಇಟ್ಟಿದ್ದೇ ಎರಡು ವರ್ಷಕ್ಕೆ. ಆ ಟೀಚರಮ್ಮಂಗೆ ಏನ್ ಗೊತ್ತೈತೆ? ಎಷ್ಟು ಕೂಸಿಗೆ ನೀರು ಹಾಕವ್ಳೆ ಅವ್ಳು?"

ಅವರ ಕೋಪ ಇಳಿದ ಮೇಲೆ ಒಂದು ರಾಜಿಯಾಯಿತು. ಬಿಕ್ಕೋಡಿನ ಆಚೆ ಉಳುಕಿಗೆ ಎಣ್ಣೆ ಹಾಕುವ, ಮೂಳೆ ಕಟ್ಟುವ ಒಬ್ಬ ಹಿರಿಯರಿದ್ದರು. ಮೊದಲು ಅವರಿಗೆ ತೋರಿಸುವುದು, ಆಮೇಲೆ ಬೇಕಾದರೆ ಡಾಕ್ಟರು. ನಾನು, ಅತ್ತೆ ಬೇಲೂರಿಗೆ ಬಸ್ಸಿನಲ್ಲಿ ಹೋಗಿ ಅಲ್ಲಿಂದ ಜೀಪು ಹತ್ತಿದೆವು. ಆ ಹಿರಿಯರು ಮಗುವಿನ ಪಾದ, ಮೊಣಕಾಲು, ಸೊಂಟ ಎಲ್ಲವನ್ನೂ ಹಗುರವಾಗಿ ಮುಟ್ಟಿ ನೋಡಿದರು. ಎಣ್ಣೆಯ ಬಟ್ಟಲನ್ನು ಹತ್ತಿರ ಎಳೆದುಕೊಳ್ಳಲೇ ಇಲ್ಲ.

"ಮೂಳೆ ಮುರಿದಿದ್ರೆ ಕಟ್ಟಿಕೊಡ್ತಿದ್ದೆ ತಾಯಿ. ಇದು ಮೂಳೆದಲ್ಲ. ನನ್ನ ಕೈಲಿ ಆಗೋದೂ ಅಲ್ಲ" ಎಂದರು. ಆಮೇಲೆ ಅತ್ತೆಯ ಕಡೆ ತಿರುಗಿ, "ಯಾರಾದ್ರೂ ಈ ಕಾಲನ್ನ ಜಗ್ಗಿ ಸರಿ ಮಾಡ್ತೀನಿ ಅಂದ್ರೆ ಕೊಡಬೇಡಿ. ಡಾಕ್ಟ್ರಿಗೆ ತೋರ್ಸಿ, ತಡ ಮಾಡ್ಬೇಡಿ" ಎಂದರು. ಕಾಣಿಕೆಯನ್ನೂ ಮುಟ್ಟಲಿಲ್ಲ. ನಮ್ಮ ಸಮಯ ಹಾಳಾಗದಂತೆ ಉಳಿಸಿದ ಆ ಮನುಷ್ಯನನ್ನು ನಾನು ಇವತ್ತಿಗೂ ನೆನೆಯುತ್ತೇನೆ.

ವಾಪಸ್ಸು ಬರುವಾಗ ಬೇಲೂರು ಬಸ್‌ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತಿದ್ದೆವು. ಅತ್ತೆ ಮಗುವಿನ ಪಾದವನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದರು. ಹಾಸನದ ಬಸ್ಸು ಬಂದು ಹೋಯಿತು. ಆಮೇಲೆ ಹೇಳಿದರು: "ಮೂರನೇ ತಿಂಗಳಲ್ಲೇ ನನ್ ಕೈಗೆ ಗೊತ್ತಾಗಿತ್ತು ಕಣೇ. ಬೇರೆ ಕೂಸಿನ ಕಾಲು ನೀರು ಬಿದ್ರೆ ಸಡಿಲ ಆಗ್ತವೆ. ಇದರ ಕಾಲು ಬಿಗೀತಿತ್ತು. ನನ್ ಬಾಯಲ್ಲಿ ಬಂದ್ರೆ ನಿಜ ಆಗೋಯ್ತದೆ ಅಂತ ಹೆದರ್ಕೊಂಡೆ."

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅಷ್ಟು ತಿಂಗಳು ಈ ಭಯವನ್ನು ಒಬ್ಬರೇ ಹೊತ್ತುಕೊಂಡು, ದಿನಾ ಬೆಳಿಗ್ಗೆ ಮಗುವಿಗೆ ನೀರೆರೆದು ನಗುತ್ತ ನನ್ನ ಕೈಗೆ ಕೊಡುತ್ತಿದ್ದರಲ್ಲ ಎನಿಸಿ ಅವರ ಕೈ ಹಿಡಿದುಕೊಂಡೆ.

ಹಾಸನದ ಮಕ್ಕಳ ಡಾಕ್ಟರು ಪರೀಕ್ಷೆಗಳನ್ನು ಮಾಡಿಸಿ ನಿಧಾನವಾಗಿ ವಿವರಿಸಿದರು. ಅವಧಿಗೆ ಮುಂಚೆ ಹುಟ್ಟಿದಾಗ ಮೆದುಳಿನ ಒಂದು ಸಣ್ಣ ಭಾಗಕ್ಕೆ ಪೆಟ್ಟಾಗಿದೆ. ಅದರಿಂದ ಕಾಲಿನ ಸ್ನಾಯುಗಳಿಗೆ ಸಡಿಲವಾಗುವುದು ಗೊತ್ತಾಗುತ್ತಿಲ್ಲ. ಇದು ಮಾತ್ರೆಯಿಂದ ಹೋಗುವುದಲ್ಲ, ಹಾಗೆಂದು ದಿನೇ ದಿನೇ ಮೆದುಳಿನಲ್ಲಿ ಹಬ್ಬುವ ಕಾಯಿಲೆಯೂ ಅಲ್ಲ. ಫಿಸಿಯೋಥೆರಪಿ ಬೇಕು, ವರ್ಷಗಟ್ಟಲೆ ಬೇಕು. "ದೂರದ ದೊಡ್ಡ ಜಾಗಕ್ಕಿಂತ ಹತ್ತಿರ ಇರೋರನ್ನ ಹುಡುಕಿ. ಮಕ್ಕಳ ಕೆಲಸ ಗೊತ್ತಿರಬೇಕು, ನಿಮಗೂ ಹೇಳಿಕೊಡೋ ಮನಸ್ಸಿರಬೇಕು" ಎಂದರು.

ಆ ಮಾತು ನಮ್ಮ ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿದಿರಲಿಲ್ಲ. ನಾವು ಮೊದಲು ಹೋದದ್ದು ದೊಡ್ಡ ಊರೊಂದರ ದೊಡ್ಡ ಕ್ಲಿನಿಕ್ಕಿಗೇ. ಗೋಡೆ ತುಂಬ ಓಡುವ ಮಕ್ಕಳ ಫೋಟೊ, ಒಳಗೆ ಮಿನುಗುವ ಯಂತ್ರಗಳು. "ಆರು ತಿಂಗಳಲ್ಲಿ ನಡೆಸಿಬಿಡ್ತೀವಿ" ಎಂದರು. ನಮ್ಮ ಯಜಮಾನರ ಮುಖ ಅರಳಿತು. ಮಗುವನ್ನು ಒಳಗೆ ಕರೆದುಕೊಂಡು ಹೋಗಿ ನನ್ನನ್ನು ಬಾಗಿಲಾಚೆ ಕೂರಿಸಿದರು. ಒಳಗಿಂದ ಅವಳ ಅಳು. ಏನು ಮಾಡುತ್ತಿದ್ದಾರೆಂದು ಕೇಳಿದರೆ, "ಟ್ರೀಟ್ಮೆಂಟ್ ನಡೀತಿದೆ" ಎಂದಷ್ಟೇ ಉತ್ತರ. ಮೂರನೇ ಸಲ ಹೋದಾಗ ಆ ಕಟ್ಟಡದ ಮೆಟ್ಟಿಲು ಕಾಣುತ್ತಿದ್ದ ಹಾಗೆಯೇ ಮಗು ನನ್ನ ಕುತ್ತಿಗೆಗೆ ಬಿಗಿಯಾಗಿ ಅಂಟಿಕೊಂಡು ನಡುಗಿತು. ಮೊದಲೇ ಬಿಗಿಯಾದ ಕಾಲು ಕೋಲಾಯಿತು.

"ರೀ, ಇವಳ ಕಾಲು ಸಡಿಲ ಮಾಡ್ಸಕ್ಕೆ ಬಂದಿದೀವಿ. ಇಲ್ಲಿಗೆ ಬಂದ್ರೆ ಇನ್ನೂ ಬಿಗಿ ಆಗ್ತಾವಲ್ಲ" ಎಂದೆ.

"ಆರು ತಿಂಗಳು ಅಂದವ್ರಲ್ಲ..." ಎಂದರು ಅವರು. ಆ ಮಾತನ್ನು ಬಿಟ್ಟುಕೊಡುವುದು ಅವರಿಗೆ ಎಷ್ಟು ಕಷ್ಟವಾಯಿತೆಂದು ನನಗೆ ಗೊತ್ತು. ಆದರೂ ಆಟೊ ತಿರುಗಿಸಿದರು.

ಅರಸೀಕೆರೆಯ ಫಿಸಿಯೋಥೆರಪಿಸ್ಟರ ವಿಷಯ ತಿಳಿದದ್ದು ಮಾರುಕಟ್ಟೆಯಲ್ಲಿ. ಕೊಬ್ಬರಿ ಚೀಲ ಇಳಿಸುವ ಒಬ್ಬರ ಮೊಮ್ಮಗ ಅವರಲ್ಲಿಗೆ ಹೋಗುತ್ತಿದ್ದನಂತೆ. ರೈಲು ಹಳಿಗೆ ಹತ್ತಿರದ ಒಂದು ಓಣಿಯಲ್ಲಿ ಎರಡೇ ಕೋಣೆ. ಚಾಪೆ, ದೊಡ್ಡ ರಬ್ಬರ್ ಚೆಂಡು, ಮರದ ಮೆಟ್ಟಿಲು, ಒಂದು ಕನ್ನಡಿ. ಯಂತ್ರವೆಂದು ಕಂಡದ್ದು ಮೂಲೆಯಲ್ಲಿ ಮುಚ್ಚಿಟ್ಟ ಒಂದೇ ಒಂದು. ಮೇಡಂ ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಡಾಕ್ಟರ ಕಾಗದವನ್ನು ಪೂರ್ತಿ ಓದಿ, ಆಮೇಲೆ ಅದನ್ನು ಪಕ್ಕಕ್ಕಿಟ್ಟು ನೆಲದ ಮೇಲೆ ಕೂತರು.

"ಇವಳಿಗೆ ಏನಿಷ್ಟ?" ಎಂದು ಕೇಳಿದರು.

ಅಷ್ಟು ದಿನ ಎಲ್ಲರೂ ಅವಳಿಗೆ ಏನು ಬರುವುದಿಲ್ಲ ಎಂದೇ ಕೇಳಿದ್ದರು. "ಸದ್ದು ಅಂದ್ರೆ ಇಷ್ಟ ಮೇಡಂ. ನನ್ನ ಹೊಲಿಗೆ ಮಿಷನ್ನಿನ ಸದ್ದು ಕೇಳ್ತಾ ಮಲಗ್ತಾಳೆ" ಎಂದೆ. ಅಷ್ಟರಲ್ಲಿ ರೈಲೊಂದು ಹಾದುಹೋಯಿತು. ಚಾಪೆಯ ಮೇಲೆ ಬೋರಲಾಗಿದ್ದ ಮಗಳು ತಲೆಯೆತ್ತಿದಳು. ಮೇಡಂ ತಕ್ಷಣ ಅವಳ ಎದೆಯಡಿ ಕೈಕೊಟ್ಟು, ಮೊಣಕೈ ಊರಿಸಿ, ಕಿಟಕಿಯ ಕಡೆ ತಿರುಗಿಸಿದರು. ರೈಲು ಹೋಗುವಷ್ಟು ಹೊತ್ತೂ ಅವಳು ತಲೆ ಇಳಿಸಲಿಲ್ಲ. ಅಳಲೂ ಇಲ್ಲ.

ನಮ್ಮ ಯಜಮಾನರು ಕೇಳಿಯೇ ಬಿಟ್ಟರು: "ಎಷ್ಟು ದಿನಕ್ಕೆ ನಡೀತಾಳೆ ಮೇಡಂ?"

"ನನಗೆ ಗೊತ್ತಿಲ್ಲ" ಎಂದರು ಅವರು. "ಸುಳ್ಳು ಹೇಳಿ ನಿಮ್ಮನ್ನ ಖುಷಿ ಪಡಿಸಲ್ಲ. ಮೊದಲು ಕೂರೋದು ಕಲೀಲಿ. ಮೂರು ತಿಂಗಳಿಗೊಂದ್ಸಲ ಏನು ಬಂತು, ಏನು ಬರಲಿಲ್ಲ ಅಂತ ಇಬ್ರೂ ಕೂತು ನೋಡೋಣ. ಇನ್ನೊಂದು ವಿಷಯ. ನಾನು ವಾರಕ್ಕೆ ಒಂದೆರಡು ಗಂಟೆ ಸಿಗ್ತೀನಿ. ಮಿಕ್ಕ ಹೊತ್ತೆಲ್ಲ ಅವಳು ನಿಮ್ಮ ಮನೇಲೇ ಇರ್ತಾಳೆ. ಮನೇಲಿ ಅವಳನ್ನ ಜಾಸ್ತಿ ಹೊತ್ತು ಎತ್ಕೊಳೋರು ಯಾರು?"

"ನಮ್ಮತ್ತೆ."

"ಹಾಗಿದ್ರೆ ಮುಂದಿನ ಸಲ ಅವರನ್ನ ಕರ್ಕೊಂಡು ಬನ್ನಿ."

ಹೊರಗೆ ಬಂದ ಮೇಲೆ, "ಇಲ್ಲೇ ತೋರ್ಸೋಣ" ಎಂದರು ಯಜಮಾನರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದವರನ್ನು ನಾವು ನಂಬಿದೆವು.

ಅತ್ತೆಯನ್ನು ಒಪ್ಪಿಸುವುದೇ ದೊಡ್ಡ ಕೆಲಸವಾಯಿತು. ಇಷ್ಟು ವರ್ಷ ಊರ ಮಕ್ಕಳನ್ನು ಎತ್ತಿ ಆಡಿಸಿದವರಿಗೆ ಯಾರೋ ಹೇಳಿಕೊಡುವುದೇ? ಮುಖ ಬಿಗಿದುಕೊಂಡೇ ಬಂದರು. ಮೇಡಂ ಅವರಿಗೆ ಏನನ್ನೂ ಹೇಳಿಕೊಡಲಿಲ್ಲ. "ಅಜ್ಜಿ, ನೀವು ಮಗೂಗೆ ಹೆಂಗೆ ನೀರು ಹಾಕ್ತೀರಿ? ನಂಗೆ ಒಂಚೂರು ತೋರ್ಸಿ" ಎಂದರು.

ಅತ್ತೆ ನನ್ನ ಮುಖ ನೋಡಿದರು. ಆಮೇಲೆ ಸೀರೆ ಸರಿಮಾಡಿಕೊಂಡು ಚಾಪೆಯ ಮೇಲೆ ಕಾಲು ಚಾಚಿ ಕೂತು, ಮೊಮ್ಮಗಳನ್ನು ಮಲಗಿಸಿಕೊಂಡು, ನೀರಿಲ್ಲದೆಯೇ ಎರೆಯುವಂತೆ ಕೈಯಾಡಿಸಿದರು. ಬೆನ್ನು ನೀವುವುದು, ತೋಳು ಅಡ್ಡ ತರುವುದು, ಕಾಲು ಮಡಚುವುದು. ಮೇಡಂ ಪಕ್ಕದಲ್ಲಿ ಮಂಡಿಯೂರಿ ಒಂದೊಂದನ್ನೂ ನೋಡಿದರು.

"ಬೆನ್ನಿಗೆ ಮಾಡೋದು ತುಂಬ ಚೆನ್ನಾಗಿದೆ ಅಜ್ಜಿ, ಬಿಡಬೇಡಿ. ಆದ್ರೆ ಕೊನೇಲಿ ಕಾಲು ಹಿಡಿದು ಸರ್ ಅಂತ ಎಳೀತೀರಲ್ಲ, ಅದು ಇವಳಿಗೆ ಬೇಡ. ಬಿಗಿ ಬಂದಾಗ ಎಳೀದೆ, ಸುಮ್ಮನೆ ಹಿಡಿದು ಕಾಯಿರಿ. ಅದೇ ಬಿಡುತ್ತೆ. ಆಗ ಮೆಲ್ಲಗೆ ಅಗಲಿಸಿ."

ಅತ್ತೆ ಹಿಡಿದು ಕಾದರು. ಒಂದು ಹಾಡು ಹೇಳಿ ಮುಗಿಸುವಷ್ಟು ಹೊತ್ತಾಗಿರಬಹುದು. "ಬಿಡ್ತು ಕಣವ್ವ!" ಎಂದು ಅತ್ತೆ ಕೂಗಿದರು. ಮೇಡಂ ಅವರ ಬೆನ್ನು ತಟ್ಟಿದರು. "ನಿಮ್ಮ ಕೈಗೆ ಗೊತ್ತಾಗೋದು ನನ್ನ ಪುಸ್ತಕಕ್ಕೂ ಗೊತ್ತಾಗಲ್ಲ ಅಜ್ಜಿ."

ಅಲ್ಲಿಂದಾಚೆ ನಮ್ಮ ಮನೆಯ ಬಚ್ಚಲೇ ಅರ್ಧ ಆಸ್ಪತ್ರೆಯಾಯಿತು. ನಾನು ಹಳೆಯ ಸೀರೆಗೆ ಹತ್ತಿ ತುಂಬಿ ದಪ್ಪನೆಯ ದುಂಡುದಿಂಬು ಹೊಲಿದೆ. ಅದರ ಮೇಲೆ ಮಗಳು ಕುದುರೆಯ ಹಾಗೆ ಕಾಲು ಅಗಲಿಸಿ ಕೂರುತ್ತಿದ್ದಳು. ಯಜಮಾನರು ಅಂಗಳದಲ್ಲಿ ಅವಳು ಹಿಡಿದು ನಿಲ್ಲಲೆಂದು ಎರಡು ಬಿದಿರು ಬೊಂಬುಗಳನ್ನು ಅವಳ ಸೊಂಟದ ಎತ್ತರಕ್ಕೆ ಅಕ್ಕಪಕ್ಕ ಕಟ್ಟಿದರು. ಒಂದೂವರೆ ವರ್ಷಕ್ಕೆ ಆಸರೆಯಿಲ್ಲದೆ ಕೂತಳು. ಎರಡು ದಾಟಿದ ಮೇಲೆ ತೆವಳಿದಳು. ಪಾದ ಚಪ್ಪಟೆಯಾಗಿ ಊರಲೆಂದು ಪ್ಲಾಸ್ಟಿಕ್ಕಿನ ಪಟ್ಟಿ ಬಂತು, ಆಮೇಲೆ ತಳ್ಳಿಕೊಂಡು ಹೋಗುವ ವಾಕರ್ ಬಂತು.

ಎಲ್ಲ ದಿನವೂ ಒಳ್ಳೆಯ ದಿನವಾಗಿರಲಿಲ್ಲ. ಮೂರು ವರ್ಷದ ಹೊತ್ತಿಗೆ ಒಂದು ಜ್ವರ ಬಂದು, ಕಲಿತದ್ದೆಲ್ಲ ಮರೆತವಳ ಹಾಗೆ ಮಲಗಿಬಿಟ್ಟಳು. ಎದುರು ಮನೆಯ ಅವಳ ವಯಸ್ಸಿನ ಮಗು ಬೀದಿಯಲ್ಲಿ ಓಡುವುದನ್ನು ನೋಡಿ ನನಗೆ ತಲೆ ಕೆಟ್ಟಿತು. ಬಿದಿರಿನ ನಡುವೆ ನಿಲ್ಲಲು ಒಲ್ಲೆ ಎಂದಾಗ ಮಗಳ ಬೆನ್ನಿಗೆ ಒಂದು ಏಟು ಹಾಕಿದೆ. ಅವಳು ಅಳಲಿಲ್ಲ, ನನ್ನನ್ನೇ ನೋಡಿದಳು. ಆ ವಾರ ಮೇಡಂ ಮುಂದೆ ಇದನ್ನು ಹೇಳಿಕೊಂಡು ನಾನೇ ಅತ್ತುಬಿಟ್ಟೆ. ಅವರು ಬೈಯಲಿಲ್ಲ. "ಒಂದು ವಾರ ಎಲ್ಲ ಬಿಟ್ಬಿಡಿ. ಆಟ ಆಡ್ಸಿ ಅಷ್ಟೆ. ನೀವು ಅವಳಿಗೆ ಅಮ್ಮ, ನನ್ನ ಅಸಿಸ್ಟೆಂಟ್ ಅಲ್ಲ" ಎಂದರು.

ನನ್ನ ತವರು ಹಳೇಬೀಡು. ಬೇರೆ ಬೇರೆ ನೆಲದ ಮೇಲೆ ನಡೆಸಿ ಎಂದು ಮೇಡಂ ಹೇಳಿದ್ದರಿಂದ, ತವರಿಗೆ ಹೋದಾಗೆಲ್ಲ ಸಂಜೆ ದೇವಸ್ಥಾನದ ಹುಲ್ಲುಹಾಸಿಗೆ ಕರೆದುಕೊಂಡು ಹೋಗುತ್ತಿದ್ದೆವು. ಅವಳಿಗೆ ನಾಲ್ಕು ತುಂಬಿ ಕೆಲವು ತಿಂಗಳಾಗಿತ್ತು. ನನ್ನ ಅಪ್ಪ ಹುಲ್ಲಿನ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ವಾಕರಿನ ಚಕ್ರ ಹುಲ್ಲಿನಲ್ಲಿ ಸಿಕ್ಕಿಕೊಂಡಿತು. ಅವಳು ಎರಡು ಸಲ ತಳ್ಳಿದಳು, ಹೋಗಲಿಲ್ಲ. ಸಿಟ್ಟಿನಿಂದ ಅದನ್ನು ಬಿಟ್ಟು ತಾತನ ಕಡೆ ಹೊರಟಳು. ಒಂದು, ಎರಡು, ಮೂರು, ನಾಲ್ಕು. ಐದನೆಯದಕ್ಕೆ ಅವರ ಹೆಗಲು ಹಿಡಿದಳು.

ಅಪ್ಪ ತಲೆಯೆತ್ತದೆಯೇ, "ಬಂದ್ಯಾ? ತಗೋ" ಎಂದು ಬೀಜ ಹಿಡಿದ ಕೈ ಚಾಚಿದರು. ಆಮೇಲೆ ದೂರದಲ್ಲಿ ನಿಂತ ವಾಕರನ್ನು ನೋಡಿದರು. ಬೀಜವೆಲ್ಲ ಹುಲ್ಲಿಗೆ ಚೆಲ್ಲಿತು. "ನನ್ ಬೀಜ!" ಎಂದು ಮಗಳು ರಂಪ ಮಾಡಿದಳು. ನಾವಿಬ್ಬರೂ ಅಳುತ್ತ ಹುಲ್ಲಿನಲ್ಲಿ ಬೀಜ ಹೆಕ್ಕಿದೆವು. ಪಕ್ಕದಲ್ಲಿ ಫೋಟೊ ತೆಗೆಸಿಕೊಳ್ಳುತ್ತಿದ್ದ ಪ್ರವಾಸಿಗರು ಇವರಿಗೆ ಏನಾಯಿತೆಂದು ನೋಡಿದರು.

ಫೋನಿನಲ್ಲಿ ಹೇಳಿದಾಗ ಮೇಡಂ, "ಹಿಮ್ಮಡಿ ಊರಿತ್ತಾ?" ಎಂದು ಕೇಳಿದರು. ಎಡಗಾಲಿನದು ಊರಿತ್ತು ಎಂದೆ.

ಈಗ ಅವಳು ಎರಡನೇ ಕ್ಲಾಸು. ಶೂ ಒಳಗೆ ಪಟ್ಟಿ ಇದೆ, ನಡಿಗೆ ಸ್ವಲ್ಪ ವಾಲುತ್ತದೆ, ದೂರವಾದರೆ ದಣಿಯುತ್ತಾಳೆ, ಬೀಳುತ್ತಾಳೆ, ತಾನೇ ಏಳುತ್ತಾಳೆ. ಉದ್ದ ಬೆಳೆದಾಗೆಲ್ಲ ಸ್ನಾಯು ಮತ್ತೆ ಬಿಗಿಯುತ್ತದಾದ್ದರಿಂದ ಅರಸೀಕೆರೆಗೆ ಹೋಗುವುದು ನಿಂತಿಲ್ಲ, ತಿಂಗಳಿಗೊಮ್ಮೆಗೆ ಇಳಿದಿದೆ. ಆರೇ ತಿಂಗಳಲ್ಲಿ ನಡೆಸಿಬಿಡುವುದಾಗಿ ಹೇಳಿದವರ ಮೇಲೆ ನನಗೀಗ ಸಿಟ್ಟಿಲ್ಲ. ಬಾಗಿಲೊಳಗೆ ನನ್ನನ್ನು ಕೂರಿಸಿಕೊಂಡವರ ಋಣವೇ ಅಷ್ಟು ದೊಡ್ಡದಿದೆ.

ಹೋದ ತಿಂಗಳು ಗೆಂಡೆಹಳ್ಳಿಯಿಂದ ಒಬ್ಬ ತಾಯಿ ಒಂಬತ್ತು ತಿಂಗಳ ಕೂಸನ್ನು ಎತ್ತಿಕೊಂಡು ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು. ಇದರ ಕಾಲೂ ಬಿಗಿಯುತ್ತದೆ, ಎಲ್ಲಿ ತೋರಿಸಬೇಕು ಎಂದು ಕೇಳಿದರು. ಮೊದಲು ಮಕ್ಕಳ ಡಾಕ್ಟರು, ಆಮೇಲೆ ನೀವು ಪಕ್ಕದಲ್ಲೇ ಕೂತು ನೋಡಬಹುದಾದ ಜಾಗ ಎಂದು ನಾನು ಹೇಳುತ್ತಿದ್ದೆ. ಅತ್ತೆ ಅಷ್ಟರಲ್ಲಿ ಕೂಸನ್ನು ಇಸಿದುಕೊಂಡು ಕಾಲ ಮೇಲೆ ಮಲಗಿಸಿಕೊಂಡಿದ್ದರು. ಅದರ ತೊಡೆಯನ್ನು ಹಿಡಿದು ಸುಮ್ಮನೆ ಕಾದರು.

"ಮನೇಲಿ ಅತ್ತೆ ಅವ್ರಾ?" ಎಂದು ಆ ತಾಯಿಯನ್ನು ಕೇಳಿದರು.

"ಅವ್ರೆ ಅಜ್ಜಿ. ಏನೂ ಆಗಿಲ್ಲ, ಸುಮ್ನಿರು ಅಂತಾರೆ."

"ಅವ್ರಿಗೂ ಗೊತ್ತೈತೆ ಕಣವ್ವ, ಹೆದ್ರಿಕೆ ಅಷ್ಟೆ. ಬೈಬೇಡ. ಜೊತೇಲಿ ಕರ್ಕೊಂಡು ಹೋಗು" ಎಂದರು ಅತ್ತೆ. ಆಮೇಲೆ ಆ ತಾಯಿಗೆ ಬಸ್ಸಿನ ಹೊತ್ತಾಗುವವರೆಗೂ ಕೂಸನ್ನು ಕೆಳಗಿಳಿಸಲಿಲ್ಲ.