ವೀರನ ಬಲಗೈಯಲ್ಲಿದ್ದದ್ದು

ಪ್ರತಿಮೆ ಎತ್ತುವ ಕ್ರೇನಿನ ಹಗ್ಗ ಹರಿಯಬಹುದಿತ್ತು. ಹಗ್ಗ ಗಟ್ಟಿಯಿದ್ದರೆ ಕಟ್ಟೆ ಬಿರಿಯಬಹುದಿತ್ತು. ಅದರ ಸಿಮೆಂಟಿಗೆ ಯಾರೂ ಸರಿಯಾಗಿ ನೀರು ಹೊಡೆದಿಲ್ಲವೆಂದು ನನಗೆ ಮೊದಲಿನಿಂದಲೂ ಗುಮಾನಿ. ನಾಚಾರಂನ ಎರಕದ ಶೆಡ್ಡಿನಿಂದ ಲಾರಿಯಲ್ಲಿ ಬರುವಾಗ ವೀರನ ಮೀಸೆಯ ತುದಿ ಮುರಿಯಬಹುದಿತ್ತು. ಹೊದಿಸಿದ ಬಟ್ಟೆ ಅವನು ಎತ್ತಿ ಹಿಡಿದ ಕತ್ತಿಗೆ ಸಿಕ್ಕಿಕೊಂಡು, ಎಳೆದ ಅತಿಥಿಯ ಕೈಗೆ ಅರ್ಧವಷ್ಟೇ ಬರಬಹುದಿತ್ತು. ಮೈಕು ಕೈಕೊಡಬಹುದಿತ್ತು. ಪಾರ್ಕಿನ ಅರಳಿಮರದ ಹೆಜ್ಜೇನು ಏಳಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಕಾಲೊನಿಯ ತೆಲುಗಿನವರು ‘ಯಾವ ಊರಿನ ವೀರ, ನಮ್ಮ ಪಾರ್ಕಿನಲ್ಲೇಕೆ?’ ಎಂದು ಜಗಳ ತೆಗೆಯಬಹುದಿತ್ತು.

“ಭೂಕಂಪ ಒಂದು ಬಿಟ್ರಿ ನೋಡ್ರಿ,” ಎಂದಳು ನನ್ನ ಹೆಂಡತಿ.

ಬಿಟ್ಟಿರಲಿಲ್ಲ, ಹೇಳಿರಲಿಲ್ಲ ಅಷ್ಟೆ.

ತೆಲುಗು ನಾಡಿನ ಕುಷಾಯಿಗೂಡದ ನಮ್ಮ ಕಾಲೊನಿಯಲ್ಲಿ, ನೌಕರಿಗೆಂದು ಉತ್ತರ ಕರ್ನಾಟಕದಿಂದ ಬಂದು ನೆಲೆನಿಂತ ಮನೆತನಗಳು ಬಹಳ. ಇಂಗ್ಲಿಷರಿಗೆ ಎದುರು ನಿಂತ ಈ ವೀರನ ಲಾವಣಿಯನ್ನು ನನ್ನಜ್ಜಿ ಹಿಟ್ಟು ಬೀಸುತ್ತ ಹಾಡುತ್ತಿದ್ದಳು. ಅವನದೊಂದು ಪ್ರತಿಮೆ ಇಲ್ಲಿ ನಿಲ್ಲಬೇಕೆಂದು ನಮ್ಮ ಕನ್ನಡ ಸಂಘದ ಹಿರಿಯರು ವರ್ಷಗಟ್ಟಲೆ ಮಾತಾಡಿದರು, ಮಾತಾಡಿದರು, ಚಾ ಕುಡಿದರು. ಊರಿನ ಆ ತುದಿಯಲ್ಲಿ ಗಾಜಿನ ಕಟ್ಟಡಗಳೆದ್ದು, ಮೈಸೂರು, ಬೆಂಗಳೂರು, ಮಂಗಳೂರಿನ ಸಾಫ್ಟ್‌ವೇರ್ ಹುಡುಗರು ಬಂದು ಸಂಘಕ್ಕೆ ಸೇರಿದ ಮೇಲೆಯೇ ಕೆಲಸ ಮುಂದೆ ಸಾಗಿದ್ದು.

ಹುಡುಗರು ಒಳ್ಳೆಯವರೇ. ಆದರೆ ಮೊದಲ ಸಭೆಯಲ್ಲೇ ನಾನು, “ಎಲ್ಲಾರೂ ಒಮ್ಮೆ ನಮ್ಮ ಮನಿಗೆ ಬರ್ರಿ,” ಎಂದದ್ದಕ್ಕೆ, ಮೈಸೂರಿನವನೊಬ್ಬ, “ಮನಿ ಅಂದ್ರೆ ಮನೇನಾ ಸಾರ್, ದುಡ್ಡಾ?” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಬಸ್ಸಿನಲ್ಲಿ ಮನೆಗೆ ಮರಳುವಷ್ಟರಲ್ಲಿ ನಗು ಹೊಟ್ಟೆಯಲ್ಲಿ ಹುಣ್ಣಾಗಿತ್ತು.

ಇಂಥ ನನಗೇ, ಲಾವಣಿ ಗೊತ್ತಿರುವವನು ಎಂಬ ಕಾರಣಕ್ಕೆ, ಅನಾವರಣದ ದಿನ ವೀರನ ಪರಿಚಯ ಹೇಳುವ ಕೆಲಸ ಒಪ್ಪಿಸಿದರು. ಆ ಹುಡುಗರ ಮುಂದೆ ಇನ್ನೊಮ್ಮೆ ನಗೆಪಾಟಲಾಗಬಾರದು. ನನಗೆ ಬೇಕಿದ್ದದ್ದು ಅಷ್ಟೇ. ಕನ್ನಡಿಯ ಮುಂದೆ ನಿಂತು ಮನಿಯನ್ನು ಮನೆ ಮಾಡಿದೆ, ತಲಿಯನ್ನು ತಲೆ ಮಾಡಿದೆ, ಬೆಲಿಯನ್ನು ಬೆಲೆ ಮಾಡಿದೆ. ಪದದ ಕೊನೆಯಲ್ಲಿ ಇ ಕಂಡಲ್ಲೆಲ್ಲ ಎ.

“ಮನ್ಯಾಗ ಹೆಂಗ ಮಾತಾಡ್ತೀರಿ, ಅಲ್ಲೂ ಹಂಗ ಮಾತಾಡ್ರಲ್ಲ,” ಎಂದಳು ಹೆಂಡತಿ. “ಆ ವೀರ ಏನ್ ಮೈಸೂರಾಗ ಹುಟ್ಟ್ಯಾನೇನು?”

“ನಿನಗ ತಿಳಿಯೂದಿಲ್ಲ, ಸುಮ್ನಿರು,” ಎಂದೆ. ಕೂಡಲೇ, “ತಿಳಿಯುವುದಿಲ್ಲ,” ಎಂದು ತಿದ್ದಿಕೊಂಡೆ.

ಆ ದಿನ ಹಗ್ಗ ಹರಿಯಲಿಲ್ಲ. ಕಟ್ಟೆ ಗಟ್ಟಿಯಾಗಿಯೇ ಇತ್ತು. ಮೀಸೆಯ ಎರಡೂ ತುದಿಗಳನ್ನು ನಾನೇ ಮುಟ್ಟಿ ನೋಡಿದೆ. ಮರದ ಕಡೆ ಕತ್ತೆತ್ತಿ ನೋಡಿ ನೋಡಿ ಕುತ್ತಿಗೆ ಹಿಡಿಯಿತು, ಜೇನು ಮಾತ್ರ ತನ್ನ ಪಾಡಿಗಿತ್ತು. ನಾನು ಹೆದರಿದ್ದಂತೆಯೇ ತೆಲುಗು ಹಿರಿಯರೊಬ್ಬರು ಹತ್ತಿರ ಬಂದು, “ಎವರು ಸಾರ್ ಈಯನ?” ಎಂದು ಕೇಳಿಯೇಬಿಟ್ಟರು. ಯಾರಿವನು ಎಂಬ ಆ ಪ್ರಶ್ನೆಗಾಗಿ ಸಿದ್ಧಮಾಡಿಟ್ಟಿದ್ದ ಉತ್ತರವೆಲ್ಲ ಮರೆತುಹೋಗಿ, ಇಂಗ್ಲಿಷರ ಜೊತೆ ಹೊಡೆದಾಡಿದವನು ಎಂದಷ್ಟೇ ತೆಲುಗಿನಲ್ಲಿ ತೊದಲಿದೆ. “ಅಟ್ಲಯಿತೇ ಮನ ಮನಿಷೇ,” ಹಾಗಾದರೆ ನಮ್ಮವನೇ ಬಿಡಿ, ಎನ್ನುತ್ತ ಅವರು ಮುಂದಿನ ಸಾಲಿನಲ್ಲೇ ಹೋಗಿ ಕುಳಿತರು. ಬಟ್ಟೆ ಒಂದೇ ಎಳೆತಕ್ಕೆ ಜಾರಿತು.

ಮೈಕಿನ ಮುಂದೆ ನಿಂತೆ. ಮೈಸೂರಿನವನು ಎದುರಿಗೇ ಕುಳಿತಿದ್ದ. ನಾಲಿಗೆ ಎಲ್ಲೂ ಮುಗ್ಗರಿಸಲಿಲ್ಲ. ಹೆಂಡತಿ ಕೂಡ ಬೆರಗಾಗಿ ನೋಡುತ್ತಿದ್ದಳು. ನನಗೆ ಹುರುಪು ಬಂತು. ದನಿ ಏರಿಸಿದೆ.

“ಈ ವೀರ ಮನೆ ನೆನೆಯಲಿಲ್ಲ, ತಲೆ ಬಾಗಲಿಲ್ಲ, ತನ್ನ ಜೀವಕ್ಕೆ ಬೆಲೆ ಕಟ್ಟಲಿಲ್ಲ. ಬಲಗೈಯಲ್ಲಿ ಕತ್ತೆ ಹಿಡಿದು ಇಂಗ್ಲಿಷರ ಎದುರು ನಿಂತ!”

ತೆಲುಗಿನವರು ಜೋರಾಗಿ ಚಪ್ಪಾಳೆ ತಟ್ಟಿದರು. ಕನ್ನಡದವರ ಕಣ್ಣುಗಳೆಲ್ಲ ಒಟ್ಟಿಗೆ ಮೇಲೆ ಹೋಗಿ ಪ್ರತಿಮೆಯ ಬಲಗೈಯನ್ನು ನೋಡಿ ಬಂದವು. ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಮೈಸೂರಿನವನು ಭಕ್ತಿಯಿಂದ ಕೈಯೆತ್ತಿ ಕೇಳಿದ, “ಒಂದೇ ಕೈಲಾ ಸಾರ್?”