ರುದ್ರಪ್ಪನವರು ಸೋತ ಫೈನಲ್

ಸನ್ಮಾನ ಮಾಡಿಸಿಕೊಳ್ಳುವವರೇ ಭಾಷಣದ ಮಧ್ಯೆ ಎದ್ದು ಬಂದು ಮೈಕ್ ಕಿತ್ತುಕೊಂಡದ್ದನ್ನು ನೀವು ಎಲ್ಲಾದರೂ ನೋಡಿದ್ದೀರಾ? ಕಳೆದ ಭಾನುವಾರ ನಾನು ನೋಡಿದೆ. ಕಿತ್ತುಕೊಂಡದ್ದು ನನ್ನ ಕೈಯಿಂದಲೇ.

ಗಿರಿನಗರದ ನಮ್ಮ ಪಾರ್ಕಿನಲ್ಲಿ ಅಂದು ರಾಜ್ಯೋತ್ಸವ. (ನವೆಂಬರ್ ಒಂದಕ್ಕೇ ಆಗಬೇಕೆಂದೇನಿಲ್ಲ. ಶಾಮಿಯಾನದವರು ಸಿಕ್ಕ ದಿನವೇ ನಮಗೆ ರಾಜ್ಯೋತ್ಸವ.) ಪ್ರತಿ ವರ್ಷ ಬಡಾವಣೆಯ ಹಿರಿಯರೊಬ್ಬರಿಗೆ ಶಾಲು, ಪೇಟ, ಹಣ್ಣಿನ ಬುಟ್ಟಿ. ಈ ಸಲ ಹಿಂದಿನ ಕ್ರಾಸಿನ ರುದ್ರಪ್ಪನವರಿಗೆ. ಎಪ್ಪತ್ತು ದಾಟಿದವರು, ಒಂದು ಕಾಲಕ್ಕೆ ಬಾಕ್ಸಿಂಗ್‌ನಲ್ಲಿ ರಾಜ್ಯ ಚಾಂಪಿಯನ್. ಪೇಪರಿಗೆ ಬರೆಯುವವಳು ಎಂಬ ಕಾರಣಕ್ಕೆ ಪರಿಚಯ ಭಾಷಣ ನನ್ನ ತಲೆಗೆ ಬಂತು.

ಬಾಕ್ಸಿಂಗ್ ಬಗ್ಗೆ ನನಗೇನು ಗೊತ್ತು? ಮೂಗಿಗೆ ಬಿದ್ದರೆ ರಕ್ತ ಬರುತ್ತದೆ, ಅಷ್ಟೇ. ಆದರೆ ಪರಿಚಯ ಭಾಷಣ ಮಾಡಲು ವಿಷಯ ಗೊತ್ತಿರಬೇಕೆಂಬ ನಿಯಮ ನಮ್ಮಲ್ಲಿ ಇಲ್ಲವಲ್ಲ. ಧೈರ್ಯವಾಗಿ ಶುರು ಮಾಡಿದೆ. "ಇವರ ಜೀವನದ ಅತಿ ಕಠಿಣ ಪಂದ್ಯವೆಂದರೆ ರಾಜ್ಯ ಚಾಂಪಿಯನ್ ಆದ ಆ ಫೈನಲ್. ಎದುರಾಳಿ ಲಾರೆನ್ಸ್ ಅವರನ್ನು ಧೂಳೀಪಟ ಮಾಡಿ..."

ಅಷ್ಟರಲ್ಲಿ ರುದ್ರಪ್ಪನವರು ಪೇಟದ ಸಮೇತ ಎದ್ದು ಬಂದರು. ಮೈಕ್ ಅವರ ಕೈಗೆ ಹೋಯಿತು.

"ಮೇಡಂ ಹೇಳಿದ್ದು ಸರಿಯಿಲ್ಲ. ಆ ಫೈನಲ್ ನಾನು ಸೋತಿದ್ದು. ರೆಫರಿ ನನ್ನ ಕೈ ಎತ್ತಿದ್ರು, ಅಷ್ಟೇ. ನಿಜವಾಗ್ಲೂ ಗೆದ್ದಿದ್ದು ಲಾರೆನ್ಸ್."

ತಕ್ಷಣ ನಮ್ಮ ಬಡಾವಣೆ ಸಂಘದ ಅಧ್ಯಕ್ಷರು ಇನ್ನೊಂದು ಮೈಕ್ ಹಿಡಿದರು. "ನೋಡಿದ್ರಾ? ದೊಡ್ಡತನ ಅಂದ್ರೆ ಇದು! ಎಂಥಾ ವಿನಯ! ಜೋರಾಗಿ ಚಪ್ಪಾಳೆ ಬರ್ಲಿ!"

"ವಿನಯ ಅಲ್ಲ ಸಾರ್, ನಿಜವಾಗ್ಲೂ ನಾನು..."

ಚಪ್ಪಾಳೆ ಇನ್ನೂ ಜೋರಾಯಿತು. ಮಕ್ಕಳ ಡ್ಯಾನ್ಸಿಗೆ ಹಾಡು ಹಾಕಿಬಿಟ್ಟರು.

ಸನ್ಮಾನದ ಕುರ್ಚಿಯಲ್ಲಿ ಕೂತವರು ಏನು ಹೇಳಿದರೂ ನಮಗೆ ಅದು ವಿನಯವೇ. ಹೊಟ್ಟೆನೋವು ಎಂದರೂ ಚಪ್ಪಾಳೆ ತಟ್ಟುತ್ತೇವೇನೋ. ರುದ್ರಪ್ಪನವರು ಮೈಕ್ ಹಿಡಿದುಕೊಂಡೇ ನಿಂತಿದ್ದರು. ಅಷ್ಟು ಜನರ ನಡುವೆ ಅಷ್ಟು ಒಂಟಿಯಾದ ಮುಖ ನಾನು ನೋಡಿರಲಿಲ್ಲ. ನನಗೆ ಸಂಕಟವಾಯಿತು. ನಮ್ಮೆಲ್ಲರ ಮೇಲೆ ಸಿಟ್ಟೂ ಬಂತು.

ಹಣ್ಣಿನ ಬುಟ್ಟಿ ಹೊತ್ತು ಅವರ ಜೊತೆ ಮನೆತನಕ ಹೋದೆ. ಅವರ ಹೆಂಡತಿ ಗಿರಿಜಮ್ಮ ಕಾಫಿ ತಂದರು. ಶೋಕೇಸಿನಲ್ಲಿ ಆ ಫೈನಲ್ಲಿನ ಕಪ್ ಹೊಳೆಯುತ್ತಿತ್ತು.

"ಯಾಕೆ ಸರ್ ಹಾಗಂದ್ರಿ?" ಎಂದೆ.

"ಮೂರನೇ ರೌಂಡಲ್ಲಿ ನನ್ನ ಪಕ್ಕೆಗೊಂದು ಕೊಟ್ಟ ನೋಡಿ ಮೇಡಂ, ಉಸಿರೇ ನಿಂತೋಯ್ತು. ಅವನನ್ನೇ ತಬ್ಕೊಂಡು ನಿಂತಿದ್ದೆ. ಬೆಲ್ ಹೊಡೀದೇ ಇದ್ದಿದ್ರೆ ಬಿದ್ದೋಗ್ತಿದ್ದೆ. ಮೊದಲೆರಡು ರೌಂಡಿನ ಪಾಯಿಂಟಲ್ಲಿ ನನಗೆ ಕೊಟ್ರು."

"ಲಾರೆನ್ಸ್ ಏನಂತಿದ್ರು?"

"ಅವನಾ? ಉಲ್ಟಾ! 'ಲೇ ರುದ್ರಾ, ಎರಡನೇ ರೌಂಡಲ್ಲೇ ನಾನು ಮುಗ್ದೋಗಿದ್ದೆ, ಕಣ್ಣು ಕಾಣ್ತಿರ್ಲಿಲ್ಲ, ಸುಮ್ನೆ ಕೈ ಬೀಸ್ತಿದ್ದೆ, ನೀನೇ ಗೆದ್ದಿದ್ದು' ಅಂತಿದ್ದ. ಪ್ರತಿ ಭಾನುವಾರ ಫೋನಲ್ಲಿ ಇದೇ ಜಗಳ."

ನನಗೆ ನಗು ಬಂತು, ಆಮೇಲೆ ಬರಲಿಲ್ಲ. ಇಬ್ಬರಿಗೂ ಗೊತ್ತಿದ್ದದ್ದು ತಾವು ತಿಂದ ಏಟು ಮಾತ್ರ. ಅದಕ್ಕೇ ಇಬ್ಬರೂ ತಾವೇ ಸೋತೆವು ಎನ್ನುತ್ತಿದ್ದರು.

"ದಸರಾ ಟೈಮಲ್ಲಿ ಹೋಗ್ಬಿಟ್ಟ," ಎಂದರು ರುದ್ರಪ್ಪ. "ಈಗಲಾದ್ರೂ ಆ ಫೈನಲ್ ಅವನಿಗೆ ಕೊಟ್ಬಿಡೋಣ, ನಾಲ್ಕು ಜನರ ಮುಂದೆ ಹೇಳ್ಬಿಡೋಣ ಅನ್ನಿಸ್ತು. ಯಾರೂ ತಗೊಳ್ಲಿಲ್ಲ ನೋಡಿ."

"ಕಪ್ ನಮ್ಮನೇಲಿದೆ, ಇನ್ನೇನು ಬೇಕಂತೆ ಕೇಳಿ," ಎಂದು ಗಿರಿಜಮ್ಮ ಒಳಗೆ ಹೋದರು.

ಅವರದ್ದೂ ತಪ್ಪಲ್ಲ. ಹಿಂದೊಮ್ಮೆ ಗಂಡನ ದವಡೆ ಮುರಿದಾಗ ಗಂಜಿ ಕುಡಿಸಿದವರು ಅವರೇ. (ಅದು ಬೇರೆ ಪಂದ್ಯ, ಮಿಲಿಟರಿಯವನೊಬ್ಬನ ಎದುರು.) "ದವಡೆ ಮುರಿದ ಪಂದ್ಯಕ್ಕಿಂತ ಕಠಿಣವಾ ಸರ್ ಇದು?" ಎಂದು ಕೇಳಿದೆ.

"ಅದು ಈಜಿ ಮೇಡಂ. ಸೋತೆ, ಆಸ್ಪತ್ರೆಗೆ ಹೋದೆ, ಮುಗೀತು. ಗೆದ್ದು ಡೌಟ್ ಇಟ್ಕೊಂಡಿರೋದಿದ್ಯಲ್ಲಾ, ಅದು ಕಷ್ಟ."

ಗೆದ್ದದ್ದೆಷ್ಟು, ಸೋತದ್ದೆಷ್ಟು ಎಂದು ಎಣಿಸಿ ನಾವು ಒಬ್ಬರ ಕೆರಿಯರ್ ಅಳೆದುಬಿಡುತ್ತೇವೆ. ಆದರೆ ಆ ಬದುಕಿನ ಕಷ್ಟದ ಹೊತ್ತನ್ನು ಎದುರಿಗೆ ನಿಂತು ನೋಡಿದವರು ಎಷ್ಟು ಜನ? ನನ್ನ ಅಕ್ಕ ತೀರಿಕೊಂಡ ಮೇಲೆ "ನೀನು ಚಿಕ್ಕಂದಿನಿಂದಲೂ ಹಠಮಾರಿ ಕಣೇ" ಎಂದು ಬೈಯುವವರು ನನಗೆ ಯಾರೂ ಇಲ್ಲ. ಈಗ ಎಲ್ಲರೂ ಮೇಡಂ ಅನ್ನುತ್ತಾರೆ. ಒಳ್ಳೆಯ ಜನ. ಆದರೆ ಅವರ ಹತ್ತಿರ ಜಗಳ ಆಡುವುದು ಹೇಗೆ?

ರುದ್ರಪ್ಪನವರು ಇದ್ದಕ್ಕಿದ್ದಂತೆ ಎದ್ದು ಟೀಪಾಯಿ ಸರಿಸಿದರು. "ಹಿಂಗೆ ನಿಂತ್ಕೊಳ್ಳಿ ಮೇಡಂ, ಅವನು ಎಡಗೈಲಿ ಹೆಂಗೆ ಬಂದ ಅಂತ ತೋರಿಸ್ತೀನಿ." ಸೀರೆಯ ಸೆರಗು ಸಿಕ್ಕಿಸಿಕೊಂಡು ಮುಷ್ಟಿ ಕಟ್ಟಿ ನಿಂತೆ. ಅವರು ನನ್ನ ಮುಷ್ಟಿಯನ್ನು ತಮ್ಮ ಪಕ್ಕೆಯ ಹತ್ತಿರ ತಂದು, "ಇಲ್ಲಿ. ಇಲ್ಲೇ ನಾನು ಸೋತಿದ್ದು," ಎಂದರು. ಮುಖ ನೋಡಿದರೆ ನಿಜವಾಗಿಯೂ ನೋವು. ನನಗೆ ತಡೆಯಲಾಗಲಿಲ್ಲ. ಅವರಿಗೆ ಆ ಭಾನುವಾರದ ಜಗಳವೊಂದನ್ನು ವಾಪಸ್ ಕೊಡೋಣ ಎನ್ನಿಸಿತು.

"ಸುಮ್ನಿರಿ ಸರ್, ನೀವೇ ಗೆದ್ದಿದ್ದು!" ಎಂದೆ, ಲಾರೆನ್ಸ್ ಅವರ ಹಾಗೆಯೇ, ದನಿ ಏರಿಸಿ.

ಅವರು ನನ್ನ ಕೈ ಬಿಟ್ಟರು. ಟೀಪಾಯಿಯನ್ನು ಮತ್ತೆ ಅದರ ಜಾಗಕ್ಕೆ ತಂದಿಟ್ಟು, ಬೇಸರವಿಲ್ಲದೆ, ತುಂಬಾ ಮರ್ಯಾದೆಯಿಂದಲೇ ಹೇಳಿದರು:

"ಹಾಗನ್ನೋಕೆ ನನ್ನ ಕೈಲಿ ಏಟು ತಿಂದಿರ್ಬೇಕು ಮೇಡಂ."